ಹಳದಿ ಪೊಟ್ಟಣದ ಮೇಷ್ಟ್ರು

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಸದಾ ಒಣಗಿದ ಗೋಂದು ಮೆತ್ತಿಕೊಂಡಿರುತ್ತಿತ್ತು. ಮಾತಾಡುತ್ತಲೇ ಅದನ್ನು ಎಬ್ಬಿಸಿ ಮೇಜಿನ ಅಂಚಿಗೆ ಒರೆಸುತ್ತಿದ್ದರು. ಟ್ರೇಡ್ ಮಾರ್ಕ್ ನೋಂದಣಿಯ ಅರ್ಜಿಗೆ ಲೇಬಲ್ ಅಂಟಿಸುವ ಕೆಲಸವನ್ನು ಅವರು ಇನ್ನೊಬ್ಬರಿಗೆ ಬಿಟ್ಟವರಲ್ಲ. "ಸ್ವಲ್ಪ ಸೊಟ್ಟ ಆದ್ರೂ ಮದ್ರಾಸಿನ ನೋಂದಣಿ ಕಚೇರಿಯವ್ರು ವಾಪಸ್ ಕಳಿಸ್ತಾರಮ್ಮ. ಅವ್ರಿಗೆ ಬೇರೆ ಏನು ಕೆಲಸ?" ಅನ್ನುತ್ತಿದ್ದರು.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯಿಂದ ಬಂದ ನಾನು ರಾಜಾಜಿನಗರದ ಸೋದರಮಾವನ ಮನೆಯಲ್ಲಿದ್ದುಕೊಂಡು ಕಾನೂನಿನ ಸ್ನಾತಕೋತ್ತರ ಓದುತ್ತಿದ್ದೆ. ಟ್ರೇಡ್ ಮಾರ್ಕ್ ನೋಂದಣಿಯ ಮೇಲೆ ಪ್ರಬಂಧ ಬರೆಯುತ್ತೇನೆ ಎಂದಾಗ ನಮ್ಮ ಪ್ರೊಫೆಸರು ಕೈಚೆಲ್ಲಿದರು. ಕಾಯಿದೆ ಬೇಕಾದರೆ ನಾನು ಹೇಳಿಕೊಡುತ್ತೇನೆ, ಕೆಲಸ ನಡೆಯುವ ಬಗೆ ಅರ್ಜಿ ಹಾಕಿಸುವ ಏಜೆಂಟರಿಗೇ ಗೊತ್ತು ಎಂದು ಮಾವನ ಮನೆಯ ಹಿಂದಿನ ಬೀದಿಯಲ್ಲೇ ಇದ್ದ ಇವರ ವಿಳಾಸ ಕೊಟ್ಟರು. ಇವರು ಯಾವ ಕಾಲೇಜಿನಲ್ಲೂ ಪಾಠ ಮಾಡಿದವರಲ್ಲ. ಮೇಷ್ಟ್ರೇ ಎಂದು ಕರೆದವಳು ನಾನು, ಬೇಡ ಬೇಡ ಅನ್ನುತ್ತಲೇ ಒಳಗೊಳಗೆ ಹಿಗ್ಗಿದವರು ಅವರು.

ನನ್ನ ದಪ್ಪ ಪುಸ್ತಕಗಳನ್ನು ಕಂಡರೆ ಅವರಿಗೆ ತಮಾಷೆ. "ಈ ತಲೆದಿಂಬು ಇಲ್ಲೇ ಇರ್ಲಿ, ಬಾ" ಎಂದು ನನ್ನನ್ನು ದಿನಸಿ ಅಂಗಡಿಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಯಾರು ಏನನ್ನು ಏನೆಂದು ಕೇಳುತ್ತಾರೆ ಅನ್ನುವುದನ್ನು ಕಿವಿಗೊಟ್ಟು ಕೇಳುವುದೇ ಪಾಠ. "ಗಿರಾಕಿ ಎರಡು ಪೊಟ್ಟಣ ಪಕ್ಕಪಕ್ಕ ಇಟ್ಕೊಂಡು ನೋಡಲ್ಲಮ್ಮ. ಮನೇಲಿರೋದರ ನೆನಪು ಇಟ್ಕೊಂಡು ಬರ್ತಾಳೆ. ಆ ಮಸುಕು ನೆನಪನ್ನ ಕಾಯೋದೇ ನಮ್ಮ ಕೆಲಸ."

ಅವರ ಕಕ್ಷಿದಾರರಲ್ಲಿ ಸುಂಕದಕಟ್ಟೆಯ ಒಬ್ಬ ಹೆಂಗಸಿದ್ದರು. ಗಂಡ ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ಅಕ್ಕಪಕ್ಕದ ಹೆಂಗಸರನ್ನು ಕೂಡಿಸಿಕೊಂಡು ಊದುಬತ್ತಿ ಹೊಸೆಸುತ್ತಿದ್ದರು. ಹಳದಿ ಪೊಟ್ಟಣ, ನಡುವೆ ಕೆಂಪು ದಾಳಿಂಬೆ ಹೂ. ಅದನ್ನು ನೋಂದಣಿ ಮಾಡಿಸಿಕೊಟ್ಟವರು ಮೇಷ್ಟ್ರೇ. ಅಂಥದ್ದೇ ಲೇಬಲ್ಲಿಗೆ ಬೇರೆ ಯಾರಾದರೂ ಅರ್ಜಿ ಹಾಕಿದರೆ ಅದು ಸರ್ಕಾರದ ಟ್ರೇಡ್ ಮಾರ್ಕ್ ಜರ್ನಲ್ಲಿನಲ್ಲಿ ಅಚ್ಚಾಗುತ್ತದೆ. ಅಚ್ಚಾದ ಮೇಲೆ ಗಡುವಿನೊಳಗೆ ತಕರಾರು ಹಾಕಬೇಕು. ಸಂಚಿಕೆ ಬಂದಾಗಲೆಲ್ಲ ಮೇಷ್ಟ್ರು ಪುಟಪುಟವನ್ನೂ ನೋಡಿ ಮೂಲೆಯಲ್ಲಿ ಪೆನ್ಸಿಲ್ ಗೀಟು ಹಾಕುತ್ತಿದ್ದರು.

ಒಂದು ದಿನ ಮಾಗಡಿ ರಸ್ತೆಯ ಅಂಗಡಿಯಲ್ಲಿ ನಿಂತಿದ್ದೆವು. ಮುದುಕಿಯೊಬ್ಬಳು ಬಂದು "ಆ ಹಳದಿ ಊದಿನಕಡ್ಡಿ ಕೊಡಪ್ಪ" ಅಂದಳು. ಮೇಷ್ಟ್ರು ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದರು. ಅಂಗಡಿಯವನು ಕೊಟ್ಟ ಪೊಟ್ಟಣ ಹಳದಿಯೇ. ನಡುವೆ ಕೆಂಪು ಇತ್ತು, ಆದರೆ ಅದು ಹೂವಲ್ಲ, ಉರಿಯುವ ದೀಪ. ಕೆಳಗೆ ಬೇರೆ ಕಂಪನಿಯ ಹೆಸರು. ಮುದುಕಿ ಅದನ್ನೇ ಸೆರಗಿಗೆ ಕಟ್ಟಿಕೊಂಡು ಹೋದಳು. ಮೇಷ್ಟ್ರ ಮುಖ ಕಪ್ಪಿಟ್ಟಿತು.

ಮನೆಗೆ ಬಂದವರೇ ಹಳೆಯ ಸಂಚಿಕೆಗಳನ್ನು ಕೆಳಗಿಳಿಸಿದರು. ದೀಪ ಅಲ್ಲಿತ್ತು. ಜರ್ನಲ್ ಅಚ್ಚಾಗುತ್ತಿದ್ದುದು ಕಪ್ಪುಬಿಳುಪಿನಲ್ಲಿ. ಅಲ್ಲಿ ದೀಪ ಬರೀ ದೀಪ, ದಾಳಿಂಬೆ ಹೂವಿಗೂ ಅದಕ್ಕೂ ಯಾವ ನಂಟೂ ಇಲ್ಲ. ಪುಟದ ಮೂಲೆಯಲ್ಲಿ ಅವರದೇ ಗೀಟು. ಗಡುವು ಎಂದೋ ಕಳೆದುಹೋಗಿತ್ತು. "ಜನ ಬಣ್ಣ ನೋಡಿ ಕೊಳ್ತಾರೆ ಅಂತ ನಿಂಗೆ ಪಾಠ ಹೇಳ್ದೆ. ನಾನು ಬಣ್ಣ ಯಾವ್ದು ಅಂತ ವಿಚಾರಿಸ್ಲಿಲ್ಲ ನೋಡು" ಅಂದರು.

ಅವತ್ತೇ ಸುಂಕದಕಟ್ಟೆಗೆ ಹೋದೆವು. ತಪ್ಪು ನನ್ನದು ಎಂದು ಅವರು ಹೇಳುವಷ್ಟರಲ್ಲಿ ಆ ತಾಯಿ ಕಾಫಿ ತಂದಿಟ್ಟರು. "ಬಿಡಿ ಸಾರ್, ಕಣ್ ತಪ್ಪೋದು ಮನುಷ್ಯರಿಗೇ ಅಲ್ವಾ. ನೀವಿದೀರಲ್ಲ, ನಂಗೇನು ಭಯ?" ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ದೀಪದ ನೋಂದಣಿಯನ್ನು ರದ್ದು ಮಾಡಿಸಲು ಅರ್ಜಿ ಹಾಕಿದರು. ಸಾಕ್ಷಿ ಹೇಳಲು ಅಂಗಡಿಯವರು ಒಪ್ಪಲಿಲ್ಲ. ಈಗ ಎರಡೂ ಪೊಟ್ಟಣ ಮಾರುವವರು ಯಾಕೆ ಒಪ್ಪುತ್ತಾರೆ? ಮೇಷ್ಟ್ರು ಬಾಗಿಲು ಬಾಗಿಲು ಅಲೆದರು, ಮದ್ರಾಸಿನ ರೈಲು ಹತ್ತಿಳಿದರು, ಹೊಸ ಕೆಲಸ ಹಿಡಿಯುವುದನ್ನೇ ಬಿಟ್ಟರು. ನನ್ನ ಓದು ಮುಗಿದು, ಮದುವೆಯಾಗಿ, ವಿಜಯನಗರದಲ್ಲಿ ಸಂಸಾರ ಹೂಡಿ, ನಾನೂ ಅದೇ ಕೆಲಸ ಹಿಡಿದ ಮೇಲೂ ಕೇಸು ನಡೆದೇ ಇತ್ತು.

ಕೊನೆಗೆ ಗೆದ್ದರು. ಎಷ್ಟೋ ವರ್ಷಗಳ ಮೇಲೆ ಅವರ ದನಿಯಲ್ಲಿ ಹುರುಪು ಕಂಡಿತ್ತು. "ಬಾರಮ್ಮ, ನೀನೂ ಇರ್ಬೇಕು" ಎಂದು ನನ್ನನ್ನು ಕರೆದುಕೊಂಡೇ ಸುಂಕದಕಟ್ಟೆಗೆ ಹೊರಟರು. ಶೆಡ್ಡಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಹುಡುಗಿ ಆ ತಾಯಿಯನ್ನು ಎಲ್ಲಿಂದಲೋ ಕರೆತಂದಳು. ಆಕೆಯ ಅಂಗೈ ತುಂಬ ಊದುಬತ್ತಿಯ ಕರಿ.

ಮೇಷ್ಟ್ರು ಆದೇಶ ಓದಿ ಹೇಳಿದರು. "ಇನ್ನು ಕೋರ್ಟಿಂದ ತಡೆ ತಂದ್ರೆ ಸಾಕಮ್ಮ, ದೀಪದ ಪೊಟ್ಟಣ ಅಂಗಡೀಲಿ ಕಾಣಲ್ಲ."

ಆಕೆ ತಲೆ ತಗ್ಗಿಸಿಕೊಂಡೇ ನಿಂತಿದ್ದರು. "ನಾಚ್ಕೆ ಆಯ್ತು ಸಾರ್, ನಿಮ್ಗೆ ಹೇಳ್ಲಿಲ್ಲ. ನಮ್ ಮಾಲು ಹೋಗ್ದೆ ಹೋದ್ವರ್ಷಾನೇ ಶೆಡ್ ಮುಚ್ದೆ. ಈಗ ನಾನೂ ನಮ್ ಹೆಂಗಸ್ರೂ ದೀಪದವ್ರ ಹತ್ರಾನೇ ಬತ್ತಿ ಹೊಸೀತಾ ಇದೀವಿ. ಅದನ್ನೂ ನಿಲ್ಲಿಸಿಬಿಟ್ರೆ ಎಲ್ಲಿಗೆ ಹೋಗೋಣ ಸಾರ್?"

ಮೇಷ್ಟ್ರು ಆದೇಶವನ್ನು ಮಡಚಿ ಜೇಬಿಗಿಟ್ಟುಕೊಂಡರು. ತಡೆಯಾಜ್ಞೆಗೆ ಹೋಗಲೇ ಇಲ್ಲ. ಆ ವರ್ಷ ಕಳೆಯುವುದರೊಳಗೆ ತೀರಿಕೊಂಡರು. ನಾನು ಇವತ್ತಿಗೂ ಆದೇಶ ಕೈಗೆ ಬಂದ ಕೂಡಲೇ ಕಕ್ಷಿದಾರರಿಗೆ ಸಿಹಿ ಸುದ್ದಿ ಅನ್ನುವುದಿಲ್ಲ. ಮೊದಲು ಕೂರಿಸಿ, ಈಗ ಜೀವನಕ್ಕೆ ಏನು ಮಾಡ್ಕೊಂಡಿದೀರಿ ಎಂದು ಕೇಳುತ್ತೇನೆ.