ಶೆಟ್ರ ಪಟ್ಟಿಗೆ ಸೇರಿದ ನೆಲಗುಬ್ಬಿ

ನಮ್ಮ ಮ್ಯಾನೇಜರ್ ಶೆಟ್ರಿಗೆ ಹಕ್ಕಿ ನೋಡುವ ಹುಚ್ಚೇನಿಲ್ಲ, ನೋಡಿದ ಹಕ್ಕಿಗಳ ಪಟ್ಟಿ ಬೆಳೆಸುವ ಹುಚ್ಚು. ಒಂದು ರಜೆಯ ಬೆಳಿಗ್ಗೆ ನನ್ನನ್ನೂ ಅಬುಧಾಬಿಯ ಮರಳುಗಾಡಿಗೆ ಎಳೆದುಕೊಂಡು ಹೋದರು. ಪೊದೆಯ ಹಿಂದೆ ಕೂತು ಮೊಬೈಲಿನಲ್ಲಿ ನೆಲಗುಬ್ಬಿಯ ಕೂಗು ಹಾಕಿದರು. ದಿಬ್ಬದ ಆಚೆಯಿಂದ ತಕ್ಷಣ ಉತ್ತರ ಬಂತು.

“ಕೇಳಿತಲ್ಲಾ ಮಾರಾಯ! ಕಾಣುವುದೇ ಬೇಡ, ಕೂಗು ಕೇಳಿದರೂ ಪಟ್ಟಿಗೆ ಸೇರಿಸ್ಬಹುದು,” ಎಂದು ಬರೆದೇಬಿಟ್ಟರು.

ನಾನು ದಿಬ್ಬ ಹತ್ತಿದೆ. ಆಚೆ, ಊರೊಳಗಿನ ಖಾಲಿದಿಯಾ ಬಡಾವಣೆಯಲ್ಲಿ ಹಿಂದೊಮ್ಮೆ ನನ್ನ ಹಲ್ಲು ಕಿತ್ತಿದ್ದ ಡಾಕ್ಟರು ಸ್ಪೀಕರಿನಲ್ಲಿ ಅದೇ ಕೂಗು ಹಾಕಿ, ನಮ್ಮ ಉತ್ತರವನ್ನು ತಮ್ಮ ಪಟ್ಟಿಗೆ ಬರೆದುಕೊಳ್ಳುತ್ತಿದ್ದರು.

“ಡಾಕ್ಟ್ರೇ, ಅದು ನಮ್ಮ ಮೊಬೈಲು.”

“ಶ್! ಹಕ್ಕಿ ಹಾರಿಹೋದೀತು,” ಎಂದು ಗದರಿದರು.

ವಿಷಯ ತಿಳಿದ ಮೇಲೂ ಇಬ್ಬರೂ ಬರೆದದ್ದನ್ನು ಅಳಿಸಲಿಲ್ಲ. ಅಂದು ಆ ಮರಳುಗಾಡಿನಲ್ಲಿ ಎರಡು ನೆಲಗುಬ್ಬಿಗಳು ದಾಖಲಾದವು. ಎರಡೂ ಬ್ಯಾಟರಿಯವು.