ಸಿಯೋಲಿನ ಮೆಟ್ಟಿಲ ಬಳಿ ಕೃಷ್ಣವೇಣಿ

ವಿಲಾಯತಿಯ ಹೇಸ್‌ ಊರಿನ ಶಿವಕ್ಕ ಹತ್ತೊಂಬತ್ತು ವರ್ಷ ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿ ಟ್ರೇ ಜೋಡಿಸಿದವಳು. ಆಕೆ ಜೋಡಿಸಿದ ಊಟ ಅರ್ಧ ಲೋಕ ಸುತ್ತಿದರೂ ಆಕೆ ಹತ್ತಿದ್ದು ಊರಿಗೆ ಹೋಗುವ ವಿಮಾನವೊಂದೇ. ಸಿಯೋಲಿನ ಟ್ರೇಗಳಲ್ಲಿ ಕೆಂಪು ಖಾರದ ಪುಟ್ಟ ಟ್ಯೂಬ್ ಇಡಬೇಕಿತ್ತು. ಪಕ್ಕದಲ್ಲಿ ನಿಲ್ಲುತ್ತಿದ್ದ ಧಾರವಾಡದ ಕೃಷ್ಣವೇಣಿ ಒಂದು ದಿನ ಒಡೆದ ಟ್ಯೂಬನ್ನು ಬೆರಳಿಂದ ನೆಕ್ಕಿ, ಇದು ನಮ್ಮ ರಂಜಕದ ತಂಗಿಯೇ ಎಂದು ತೀರ್ಪು ಕೊಟ್ಟಳು. ಅಂದಿನಿಂದ ಇಬ್ಬರಿಗೂ ಆ ಊರಿನ ಹುಚ್ಚು ಹಿಡಿಯಿತು.

ಕೆಲಸ ಬಿಟ್ಟ ಮೇಲೆ ಗುರುವಾರ ಬಂತೆಂದರೆ ಕೃಷ್ಣವೇಣಿ ಗ್ರೀನ್‌ಫರ್ಡಿನಿಂದ ಬಸ್ಸು ಹಿಡಿದು ಬರುತ್ತಿದ್ದಳು. ಶಿವಕ್ಕನ ಸೊಸೆ ಸೌಜನ್ಯಾ ಇಂಟರ್ನೆಟ್ಟಿನ ಬೀದಿ ಚಿತ್ರಗಳನ್ನು ಟಿವಿಯಲ್ಲಿ ಹಾಕಿಕೊಟ್ಟು ಬಾಣದ ಗುರುತು ಒತ್ತುವುದನ್ನು ಕಲಿಸಿದ್ದಳು. ಒಮ್ಮೆ ಒತ್ತಿದರೆ ಹತ್ತು ಹೆಜ್ಜೆ. ಬೆಳಿಗ್ಗೆ ಸಿಯೋಲಿನ ರೈಲು ನಿಲ್ದಾಣದಲ್ಲಿ ಇಳಿಯುವುದು. ಸಂತೆಯಲ್ಲಿ ಮೀನಿನ ಅಂಗಡಿ ಬಂದಾಗ ಶಿವಕ್ಕ ನಿಜವಾಗಿಯೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅರಮನೆಯ ಬಾಗಿಲಲ್ಲಿ ನಿಂತು ರೊಟ್ಟಿ ಬುತ್ತಿ ಬಿಚ್ಚುತ್ತಿದ್ದರು. ಸಂಜೆಗೆ ಗುಡ್ಡದ ಓಣಿಯೊಂದರಲ್ಲಿ, ಮೇಲೆ ಮುಚ್ಚಿದ ನೀಲಿ ಬಾಗಿಲಿದ್ದ ಮೆಟ್ಟಿಲುಗಳ ಬುಡದಲ್ಲಿ ನಿಲ್ಲುವುದು. ಅವನ್ನು ಮಾತ್ರ ಹತ್ತುತ್ತಿರಲಿಲ್ಲ. ನಿಜವಾಗಿ ಹೋದಾಗ ಹತ್ತಬೇಕೆಂದು ಉಳಿಸಿಕೊಂಡಿದ್ದರು.

ಫೆಬ್ರುವರಿಯಲ್ಲಿ ಕೃಷ್ಣವೇಣಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ಅದರ ಹಿಂದಿನ ಗುರುವಾರ ತಿರುಗಾಟ ಮುಗಿಸಿ ಹೊರಟವಳು ಬಾಗಿಲಲ್ಲಿ ನಿಂತು ಎರಡೂ ಕೈಯಲ್ಲಿ ಸೆರಗು ಒಡ್ಡಿದಳು.

“ಉಡಿ ತುಂಬವಾ ಶಿವಕ್ಕಾ. ಖಾಲಿ ಉಡೀಲೆ ಕಳಸಬ್ಯಾಡ.”

ದೂರ ಹೊರಟ ಮುತ್ತೈದೆಯ ಉಡಿಗೆ ಅಕ್ಕಿ, ಕಾಯಿ, ಕುಪ್ಪಸದ ಕಣ ಹಾಕಿ ಕಳಿಸುವುದು, ಅವಳು ಅದರಲ್ಲಿ ನಾಲ್ಕು ಕಾಳನ್ನು ತಟ್ಟೆಗೆ ಮರಳಿಸಿ ಈ ಮನೆ ತುಂಬಿರಲಿ ಎಂದು ಹರಸುವುದು, ಎಲ್ಲ ಅವರಿಬ್ಬರಿಗೂ ಗೊತ್ತಿದ್ದದ್ದೇ. ಆದರೆ ಶಿವಕ್ಕ ವಿಧವೆ. ಕೌನ್ಸಿಲ್ಲಿನವರ ಜೊತೆ ಜಗಳಾಡಿ ಗೆದ್ದ ಹೆಂಗಸು, ಈ ಒಂದು ವಿಷಯದಲ್ಲಿ ತನ್ನೂರು ವಿಜಯಪುರದ ಹೊಸ್ತಿಲನ್ನು ಇನ್ನೂ ದಾಟಿರಲಿಲ್ಲ.

“ಗಂಡ ಸತ್ತಾಕಿ ಕೈಲೆ ಬ್ಯಾಡವ. ಆರಾಮಾಗಿ ಬಾ, ಸೊಸೀ ಕೈಲೆ ತುಂಬಸ್ತೀನಿ” ಎಂದುಬಿಟ್ಟಳು.

ಕೃಷ್ಣವೇಣಿ ಸೆರಗು ಇಳಿಬಿಟ್ಟು ಹೋದಳು. ಅವಳ ಶಾಲು ಕುರ್ಚಿಯ ಮೇಲೆಯೇ ಉಳಿಯಿತು. ಆಸ್ಪತ್ರೆಯಿಂದ ಅವಳು ಹಿಂದಿರುಗಲಿಲ್ಲ. ಒಬ್ಬಳು ಕೇಳಿದ್ದು ಇಷ್ಟೇ ಇಷ್ಟು, ಅದನ್ನೂ ಕೊಡದೆ ಕಳಿಸಿದೆನಲ್ಲ ಎಂಬ ಸಂಕಟ ಶಿವಕ್ಕನನ್ನು ಬಿಡಲಿಲ್ಲ.

ಮೇ ತಿಂಗಳ ಒಂದು ಗುರುವಾರ, ಮನೆಯಲ್ಲಿ ಒಬ್ಬಳೇ ಇದ್ದಾಗ, ಆಕೆ ಟಿವಿ ಹಚ್ಚಿ ಸಿಯೋಲಿಗೆ ಹೊರಟಳು. ನಿಲ್ದಾಣ, ಸಂತೆ, ಅರಮನೆ ಎಲ್ಲ ಇದ್ದಲ್ಲೇ ಇದ್ದವು. ಗುಡ್ಡದ ಓಣಿಗೆ ತಿರುಗಿದಾಗ ಮೆಟ್ಟಿಲ ಬುಡದಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ ನಿಂತಿದ್ದಳು. ಹಸಿರು ಬಟ್ಟೆ, ಮೇಲೆ ಕಂದು ಕಾರ್ಡಿಗನ್. ಚಿತ್ರದ ಮೂಲೆಯಲ್ಲಿ ತೆಗೆದ ತಿಂಗಳು ಏಪ್ರಿಲ್ ಎಂದಿತ್ತು, ಕೃಷ್ಣವೇಣಿ ಹೋದ ಮೇಲಿನದು. ಶಿವಕ್ಕ ಟಿವಿ ಆರಿಸಿ, ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮುಂದಿನ ಗುರುವಾರ ಆ ಹೆಂಗಸು ಇತ್ತ ತಿರುಗಿದ್ದಳು. ಆ ಚಿತ್ರಗಳಲ್ಲಿ ಎಲ್ಲರ ಮುಖ ಅಳಿಸುವಂತೆ ಅವಳ ಮುಖವನ್ನೂ ಮಸುಕು ಮಾಡಿದ್ದರು. ಕಾರ್ಡಿಗನ್ನಿನ ಮೂರನೆಯ ಗುಂಡಿ ಮಾತ್ರ ಬಿಳಿ. ಕೃಷ್ಣವೇಣಿಯ ಕಾರ್ಡಿಗನ್ನಿಗೆ ಕಂದು ಗುಂಡಿ ಸಿಗದೆ ಬಿಳಿಯದನ್ನು ಹೊಲಿದುಕೊಟ್ಟವಳು ಶಿವಕ್ಕನೇ. ಹೆಂಗಸಿನ ಎರಡೂ ಕೈ ಮುಂದಿದ್ದವು, ಕೈಯಲ್ಲಿ ಬಟ್ಟೆಯ ಅಂಚು.

ಸಂಜೆ ಸೌಜನ್ಯಾಳಿಗೆ ತೋರಿಸಿದಳು. ಅವಳು ಹತ್ತಿರ ಹೋಗಿ ನೋಡಿದಳು.

“ಅತ್ತಿ, ಅಕಿ ಅಲ್ಲಿಯ ಯಾರೋ ಮುದುಕಿ. ಏಪ್ರನ್ ಹಿಡಕೊಂಡು ನಿಂತಾಳ, ಅಷ್ಟ.”

ಇರಬಹುದು. ಆದರೆ ಏಪ್ರನ್ ಹಿಡಿದವಳು ಗಿರಾಕಿಯನ್ನೋ ಬೀದಿಯನ್ನೋ ನೋಡಬೇಕು. ಇವಳು ಹೇಸ್‌ನ ಈ ಕೋಣೆಯತ್ತಲೇ ನಿಂತಿದ್ದಳು.

ಮಾರನೆಯ ದಿನ ಮನೆ ಖಾಲಿಯಾದ ಮೇಲೆ ಶಿವಕ್ಕ ತಲೆಗೆ ನೀರು ಹಾಕಿಕೊಂಡಳು. ಟಿವಿಯ ಮುಂದೆ ಕೃಷ್ಣವೇಣಿಯ ಶಾಲು ಹಾಸಿದಳು. ಸ್ಟೀಲಿನ ತಟ್ಟೆಯಲ್ಲಿ ಅಕ್ಕಿಗೆ ಅರಿಶಿನ ಕಲೆಸಿಕೊಂಡಳು. ಕುಂಕುಮದ ಭರಣಿಗೆ ಬೆರಳು ಅದ್ದುವಾಗ ಕೈ ಹಿಂದೆ ಬಂತು. ಇಪ್ಪತ್ತೊಂದು ವರ್ಷವಾಗಿತ್ತು ಮುಟ್ಟದೆ. ಮೂರನೆಯ ಸಲ ಅದ್ದಿ, ಪರದೆಯ ಮೇಲಿನ ಮಸುಕಾದ ಹಣೆಗೆ ಇಟ್ಟಳು. ಗಾಜು ಬೆಚ್ಚಗಿತ್ತು. ಟಿವಿ ಬಿಸಿಯಾಗುವುದು ಸಹಜ ಎಂದುಕೊಂಡಳು.

ಐದು ಬೊಗಸೆ ಅಕ್ಕಿ, ಕಾಯಿ, ಕಣ, ಬೆಲ್ಲ, ಎಲ್ಲ ಶಾಲಿನ ಉಡಿಗೆ ಹಾಕಿದಳು. ಒಂದು ಕಾಳೂ ಉಳಿಯದಂತೆ ತಟ್ಟೆಯನ್ನು ಕೊಡವಿ, ಸೆರಗಿನಿಂದ ಒರೆಸಿ, ಪಕ್ಕದ ಮೇಜಿನ ಮೇಲಿಟ್ಟಳು. ಶಾಲಿನ ನಾಲ್ಕೂ ತುದಿ ಸೇರಿಸಿ ಗಂಟು ಕಟ್ಟಿದಳು. ಮಂಡಿ ಹಿಡಿದುಕೊಂಡು ಎದ್ದು ನೋಡಿದರೆ ಓಣಿ ಅದೇ, ಮೆಟ್ಟಿಲು ಅವೇ, ಹೆಂಗಸು ಇರಲಿಲ್ಲ. ಮೇಲಿನ ನೀಲಿ ಬಾಗಿಲು ತೆರೆದಿತ್ತು. ಕುಂಕುಮ ಗಾಜಿನ ಮೇಲೆ ಒಂಟಿಯಾಗಿ ಉಳಿದಿತ್ತು.

ಶಿವಕ್ಕ ತಟ್ಟೆ ಎತ್ತಿಡಲು ಮೇಜಿನತ್ತ ತಿರುಗಿದಳು.

ಒರೆಸಿಟ್ಟ ತಟ್ಟೆಯ ನಡುವೆ ಅರಿಶಿನ ಹಚ್ಚಿದ ನಾಲ್ಕು ಕಾಳು ಅಕ್ಕಿ ಇದ್ದವು.