ಎರಡು ಇಂಚು ಸಡಿಲ

ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಕೊನೆಯ ಅಂಗಡಿ ಇಂಚು ಮಾಸ್ಟರನದು. ಟೇಪು ಮುಟ್ಟದೆ, ಬಾಗಿಲಲ್ಲಿ ನಿಂತವರ ಸೊಂಟದ ಅಳತೆ ಹೇಳಿಬಿಡುವ ದರ್ಜಿ. ಅದಕ್ಕೇ ಆ ಹೆಸರು. ತಪ್ಪಿದರೆ ಅರ್ಧ ಇಂಚು, ಅದೂ ಗಿರಾಕಿ ಹೊಟ್ಟೆ ಒಳಗೆಳೆದುಕೊಂಡಿದ್ದರೆ ಮಾತ್ರ. ಆದರೆ ಬಟ್ಟೆ ಚಿಕ್ಕದು ಮಾಡಿಕೊಡಿ ಎಂದು ಯಾರಾದರೂ ಬಂದರೆ ಈ ಮನುಷ್ಯನ ಮುಖವೇ ಕೆಡುತ್ತಿತ್ತು. ‘ನೀರು ಜಾಸ್ತಿ ಕುಡೀತೀರಾ? ರಾತ್ರಿ ಎಷ್ಟು ಸಲ ಏಳ್ತೀರಾ?’ ಎಂದು ವಿಚಾರಣೆ ಶುರು. ಪ್ಯಾಂಟು ಹೊಲಿಯುವವನಿಗೆ ಊರ ಉಸಾಬರಿ ಯಾಕಂತೆ? ಅರ್ಧ ಗಿರಾಕಿಗಳು ಎದುರು ಸಾಲಿನ ದರ್ಜಿಯ ಪಾಲಾಗಿದ್ದರು.

ಕಾರಣ ಅವನ ತಂಗಿ. ಹದಿನಾರಕ್ಕೇ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಸೂಜಿ. ಇಪ್ಪತ್ತೆರಡರಲ್ಲಿ ಜ್ವರ, ವಾಂತಿ ಎಂದು ಮಲಗಿದವಳು ಮತ್ತೆ ಏಳಲೇ ಇಲ್ಲ. ಅಜೀರ್ಣವಿರಬೇಕೆಂದು ಅಣ್ಣ ಎರಡು ದಿನ ಬಿಸಿನೀರು ಕುಡಿಸಿಕೊಂಡು ಕೂತಿದ್ದ. ಹಾಸಿಗೆ ಬಿಟ್ಟೇಳದವಳು ಮೈಲಿ ದೂರ ಓಡಿಬಂದವಳಂತೆ ಉಸಿರಾಡುತ್ತಿದ್ದಳು. ಬಾಯಲ್ಲಿ ಕಳಿತು ಹುಳಿತ ಹಣ್ಣಿನ ವಾಸನೆ. ಮೂರನೇ ದಿನ ಆಸ್ಪತ್ರೆಯವರು ಹೇಳಿದ್ದು ಒಂದೇ ಮಾತು: ‘ತಡ ಮಾಡಿದ್ರಿ.’ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹನ್ನೊಂದು ವರ್ಷವಾದರೂ ಆ ಉಸಿರು ಅವನ ಕಿವಿ ಬಿಟ್ಟಿರಲಿಲ್ಲ. ಮಿಷನ್ ನಿಂತರೆ ಸಾಕು, ಪರದೆಯ ಹಿಂದೆ ಯಾರೋ ಏದುಸಿರು ಬಿಟ್ಟಂತಾಗುತ್ತಿತ್ತು. ಹಾಗಾಗಿ ಕೆಲಸವಿಲ್ಲದಾಗಲೂ ಚಿಂದಿ ಬಟ್ಟೆಯ ಮೇಲೆ ಹೊಲಿಗೆ ಹಾಕುತ್ತ ಕೂರುತ್ತಿದ್ದ.

ಒಂದು ಮಧ್ಯಾಹ್ನ ಫೋಟೋ ಸ್ಟುಡಿಯೋ ನಡೆಸುವ ಅಕ್ಕ ಮಗಳನ್ನು ಕರೆದುಕೊಂಡು ಬಂದಳು. ಎದುರು ಸಾಲಿನವನು ಅಂದು ಬಾಗಿಲು ತೆರೆದಿರಲಿಲ್ಲ.

‘ಮಾಸ್ಟರೇ, ಈ ಪ್ಯಾಂಟು ಮತ್ತೆ ಎರಡು ಇಂಚು ಸಡಿಲ. ಒಂದು ತಿಂಗಳಲ್ಲಿ ಮೂರನೇ ಸಲ ನೋಡಿ. ಏನು ಪಥ್ಯ ಮಾಡ್ತಾಳೋ, ನಂಗೂ ಹೇಳಿಕೊಡೇ ಅಂದ್ರೆ ಬಾಯಿ ಬಿಡಲ್ಲ.’

ಹುಡುಗಿ ಸ್ಟೂಲಿನ ಮೇಲೆ ಕುಸಿದು ಕೂತು ಕೈಯಲ್ಲಿದ್ದ ಬಾಟಲಿ ಖಾಲಿ ಮಾಡಿದಳು. ಆಮೇಲೆ ಅವನ ಬಾಟಲಿಗೂ ಕೈ ಚಾಚಿದಳು. ಕೂತಲ್ಲೇ ಭುಜ ಮೇಲೆ ಕೆಳಗೆ ಆಗುತ್ತಿತ್ತು. ಬಾಟಲಿ ಕೊಡಲು ಬಗ್ಗಿದವನ ಮೂಗಿಗೆ ಆ ವಾಸನೆ ಬಡಿಯಿತು. ಅದೇ, ಹುಳಿತ ಹಣ್ಣಿನದು.

‘ವಾಂತಿ ಆಯ್ತಾ ಪುಟ್ಟಾ?’

‘ಬೆಳಗ್ಗೆಯಿಂದ ಮೂರು ಸಲ. ಹೊಟ್ಟೆ ನೋವು.’

‘ಗ್ಯಾಸ್ಟ್ರಿಕ್ ಬಿಡಿ,’ ಎಂದಳು ತಾಯಿ.

‘ಅಲ್ಲಕ್ಕಾ, ಸಕ್ಕರೆ ಏರಿದೆ. ಈಗ್ಲೇ ಆಸ್ಪತ್ರೆಗೆ ನಡೀರಿ.’

‘ಹದಿನೇಳರ ಹುಡುಗಿಗೆ ಸಕ್ಕರೆಯಾ? ನೀವು ಬಟ್ಟೆ ಹೊಲೀರಿ ಸಾಕು, ಡಾಕ್ಟರ್ ಕೆಲಸ ಬೇಡ.’

‘ಬೈರಿ. ದಾರಿಯುದ್ದಕ್ಕೂ ಬೈರಿ. ಬೆರಳು ಚುಚ್ಚಿ ನೋಡ್ಲಿ, ಏನೂ ಇಲ್ಲ ಅಂದ್ರೆ ನಾನು ಇನ್ನು ಕತ್ತರಿ ಮುಟ್ಟಲ್ಲ.’

ಅಷ್ಟು ಹೇಳಿ ಶಟರ್ ಎಳೆದು, ಬಾಡಿಗೆ ಕಾರು ನಿಲ್ಲಿಸಿಯೇಬಿಟ್ಟ. ದಾರಿಯಲ್ಲಿ ಹುಡುಗಿ ತೂಕಡಿಸತೊಡಗಿದ್ದು ಕಂಡು ತಾಯಿ ಬೈಗುಳ ನಿಲ್ಲಿಸಿದಳು.

ಬೆರಳು ಚುಚ್ಚಿ ನೋಡುವ ಯಂತ್ರಕ್ಕೆ ಅಂಕಿ ತೋರಿಸಲೇ ಆಗಲಿಲ್ಲ, ಸಕ್ಕರೆ ಅಷ್ಟು ಮೇಲಿತ್ತು. ಒಂದು ಕೈಗೆ ಸಲೈನ್, ಇನ್ನೊಂದು ಕೈಗೆ ಹನಿಹನಿಯಾಗಿ ಇನ್ಸುಲಿನ್. ಗಂಟೆಗೊಮ್ಮೆ ಸಕ್ಕರೆ ನೋಡುತ್ತಿದ್ದರು, ಪೊಟ್ಯಾಸಿಯಂ ಇಳಿಯದಂತೆ ಕಾಯುತ್ತಿದ್ದರು. ‘ಇನ್ಸುಲಿನ್ ಇಲ್ದಿದ್ರೆ ದೇಹ ಕೊಬ್ಬು ಕರಗಿಸೋಕೆ ಶುರು ಮಾಡುತ್ತೆ, ರಕ್ತ ಹುಳಿಯಾಗುತ್ತೆ. ಆ ವಾಸನೆ, ಆ ಉಸಿರು ಅದಕ್ಕೇ,’ ಎಂದು ಹಿರಿಯ ನರ್ಸ್ ವಿವರಿಸಿದಳು. ಮರುದಿನ ಮಧ್ಯಾಹ್ನ ಹುಡುಗಿ ಎದ್ದು ಕೂತು ಮೊದಲು ಕೇಳಿದ್ದು ಮೊಬೈಲು. ಮಾಸ್ಟರ್ ನಕ್ಕುಬಿಟ್ಟ. ಇಷ್ಟು ವರ್ಷದ ಮೇಲೆ ಅವನ ಎದೆ ಹಗುರಾಗಿತ್ತು. ಇನ್ನಾದರೂ ತಂಗಿ ತನ್ನನ್ನು ಬಿಟ್ಟಾಳು ಅನ್ನಿಸಿತು.

ನರ್ಸ್ ತಾಯಿಗೆ ಸೂಜಿ ಚುಚ್ಚುವುದನ್ನು ಕಲಿಸುತ್ತಿದ್ದಳು. ‘ಇದೊಂದು ಮರೀಬೇಡಿ. ಜ್ವರ ಬಂದು, ವಾಂತಿಯಾಗಿ ಊಟ ಬಿಟ್ರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಎಷ್ಟು ಕೊಡ್ಬೇಕು ಅಂತ ನಮಗೆ ಫೋನ್ ಮಾಡಿ ಕೇಳಿ. ಊಟಾನೇ ಇಲ್ಲ, ಸೂಜಿ ಯಾಕೆ ಅಂತ ಬಿಡ್ತಾರೆ. ಅದೇ ಜೀವ ತೆಗೆಯೋದು.’

‘ಇನ್ನೊಂದ್ಸಲ ಹೇಳಿ ಸಿಸ್ಟರ್,’ ಎಂದ ಮಾಸ್ಟರ್. ಅವಳು ಮತ್ತೆ ಹೇಳಿದಳು.

ಅಂದು ಜ್ವರ, ವಾಂತಿ ಶುರುವಾದ ಮೊದಲ ದಿನವೇ ತಂಗಿ ಸೂಜಿ ಕೈಗೆತ್ತಿಕೊಂಡಿದ್ದಳು. ‘ಹೊಟ್ಟೇಲಿ ಏನೂ ಇಲ್ಲ, ಇಡು ಅದನ್ನ’ ಎಂದವನು ಅವನೇ. ಅಣ್ಣ ಹೇಳಿದ ಮೇಲೆ ಅವಳು ಎರಡು ಮಾತಾಡಿರಲಿಲ್ಲ. ತಡ ಮಾಡಿದೆನೆಂದು ಹನ್ನೊಂದು ವರ್ಷ ಅತ್ತಿದ್ದ. ಸೂಜಿ ಬಿಡಿಸಿದ್ದೇ ಅವಳ ಜೀವ ತೆಗೆಯಿತೆಂದು ಅವನಿಗೆ ಗೊತ್ತೇ ಇರಲಿಲ್ಲ.

ಸ್ಟುಡಿಯೋ ಅಕ್ಕ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ‘ನಿಮ್ಮಿಂದ ನನ್ನ ಮಗಳು ಉಳಿದ್ಲು. ಇನ್ಮೇಲೆ ನಿಮ್ಮನ್ನ ಅಣ್ಣ ಅಂತಲೇ ಕರೀತೀನಿ.’

‘ಬೇಡಕ್ಕಾ,’ ಎಂದು ಅವನು ಕೈ ಬಿಡಿಸಿಕೊಂಡ. ‘ಅದೊಂದು ಮಾತ್ರ ಅನ್ನಬೇಡಿ.’